ಹೆಸರಿಟ್ಟ ಮೇಲೆ ಗಾಬ್ಲಿನ್ ಕೂಡ ಊರಿನವನೇ

ನಿಮ್ಮ ಮನೆಯಲ್ಲಿ ಹೈಸ್ಕೂಲಿಗೋ ಕಾಲೇಜಿಗೋ ಹೋಗುವ ಮಕ್ಕಳಿದ್ದರೆ ಈ ಮಾತು ಕಿವಿಗೆ ಬಿದ್ದಿರಬಹುದು: ‘ಅವನ ಮಾತು ಬಿಡು, ಅವನೊಬ್ಬ ಎನ್‌ಪಿಸಿ’. ಸ್ವಂತ ಬುದ್ಧಿ ಇಲ್ಲದವನು, ಗುಂಪಿನಲ್ಲಿ ಗೋವಿಂದ ಅನ್ನುವವನು, ಲೆಕ್ಕಕ್ಕೇ ಇಲ್ಲದವನು ಅಂತ ಅರ್ಥ. 2018ರ ಸುಮಾರಿಗೆ ಇಂಟರ್‌ನೆಟ್ಟಿನಲ್ಲಿ ಬೈಗುಳವಾಗಿ ಹಬ್ಬಿದ ಈ ಪದ ನಿಜಕ್ಕೂ ಆಟದ ಪರಿಭಾಷೆ. ನಾನ್ ಪ್ಲೇಯರ್ ಕ್ಯಾರೆಕ್ಟರ್, ಅಂದರೆ ಆಟಗಾರರು ಯಾರೂ ಆಡಿಸದ ಪಾತ್ರ.

ಅಂಥ ಪಾತ್ರಗಳನ್ನು ಮಾಡೋದು ನನ್ನ ಭಾನುವಾರದ ಹವ್ಯಾಸ. ವಾರದ ಐದು ದಿನ ಕೋಡ್ ಬರೀತೀನಿ, ಆರನೇ ದಿನ ಬಟ್ಟೆ ಒಗೀತೀನಿ, ಏಳನೇ ದಿನ ಒಂದು ಊರಿಗೆ ಊರನ್ನೇ ಆಡಿಸ್ತೀನಿ. ಹೋಟೆಲ್ ಯಜಮಾನ, ಅವನ ಹೆಂಡತಿ, ಸಾಲ ವಸೂಲಿಗೆ ಬಂದವನು, ಸೇತುವೆ ಕೆಳಗೆ ಅಡಗಿರುವ ಕಳ್ಳ ಎಲ್ಲರೂ ನಾನೇ. ಎದುರಿಗೆ ಕೂತ ನಾಲ್ಕೈದು ಜನ ಗೆಳೆಯರು ಕಥೆಯ ನಾಯಕರು.

ಈ ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ‘ಸ್ಟ್ರೇಂಜರ್ ಥಿಂಗ್ಸ್’ ಸರಣಿ ನೋಡಿದವರಿಗೆ ಪರಿಚಯ ಇರತ್ತೆ. ಗೊತ್ತಿಲ್ಲದವರಿಗೆ ಎರಡೇ ಮಾತು. ಪ್ರತಿ ಆಟಗಾರ ಒಂದು ಪಾತ್ರ ವಹಿಸುತ್ತಾನೆ: ಒಬ್ಬ ಕತ್ತಿವರಸೆಯವನು, ಒಬ್ಬಳು ಮಂತ್ರವಾದಿ, ಹೀಗೆ. ಡಂಜನ್ ಮಾಸ್ಟರ್ ಅಥವಾ ಡಿಎಂ ಅನ್ನುವವನು ‘ನೀವು ಕಾಡಿನ ದಾರಿಯಲ್ಲಿ ಹೋಗ್ತಿದ್ದೀರಿ, ಎದುರಿಗೆ ಎರಡು ಸತ್ತ ಕುದುರೆ ಬಿದ್ದಿವೆ, ಏನ್ ಮಾಡ್ತೀರಿ?’ ಅಂತ ಕೇಳ್ತಾನೆ. ಅವರು ಬಾಯಲ್ಲಿ ಹೇಳ್ತಾರೆ. ಆಗತ್ತೋ ಇಲ್ವೋ ಅನ್ನೋ ಅನುಮಾನ ಬಂದ ಕಡೆ ಇಪ್ಪತ್ತು ಮುಖದ ದಾಳ ತೀರ್ಮಾನ ಮಾಡತ್ತೆ. ಪರದೆ ಇಲ್ಲ, ಕಂಪ್ಯೂಟರ್ ಬೇಕಿಲ್ಲ. ಕಾಗದ, ಪೆನ್ಸಿಲ್, ದಾಳ, ಚಹಾ ಸಾಕು.

ಎಲ್ಲದಕ್ಕೂ ಉತ್ತರ ಕೊಡಬೇಕಾದವನು

ಕಂಪ್ಯೂಟರ್ ಆಟಗಳಲ್ಲೂ ಎನ್‌ಪಿಸಿಗಳಿರುತ್ತವೆ. ಅಂಗಡಿಯವನ ಹತ್ತಿರ ಹೋಗಿ ಬಟನ್ ಒತ್ತಿದರೆ ಬರೆದಿಟ್ಟ ಮೂರು ಸಾಲು ಹೇಳುತ್ತಾನೆ. ನಾಲ್ಕನೇ ಸಲ ಒತ್ತಿದರೆ ಮತ್ತೆ ಮೊದಲನೇ ಸಾಲು. ಬೈಗುಳ ಹುಟ್ಟಿದ್ದೇ ಇಂಥವನನ್ನು ನೋಡಿ. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ ಅವನೊಂದು ಫಂಕ್ಷನ್. ಕರೆದರೆ ಉತ್ತರ ಕೊಡ್ತಾನೆ, ಕರೆಯದಿದ್ದರೆ ಇಲ್ಲವೇ ಇಲ್ಲ.

ಮೇಜಿನ ಸುತ್ತ ಕೂತು ಆಡುವಾಗ ಈ ಸವಲತ್ತು ಸಿಗಲ್ಲ. ಆಟಗಾರರು ಏನು ಬೇಕಾದರೂ ಕೇಳಬಹುದು. ಕತ್ತಿ ಮಾರುವವನ ಹತ್ತಿರ ಹೋಗಿ ಬೆಲೆ ಕೇಳುವ ಬದಲು ‘ನಿಮ್ಮ ಅಂಗಡಿ ಗೋಡೆ ಯಾಕೆ ಒಂದು ಕಡೆ ಮಾತ್ರ ಹೊಸದಾಗಿದೆ?’ ಅಂತ ಕೇಳಿಬಿಟ್ಟರೆ? ಗೋಡೆ ಹೊಸದು ಅಂತ ಡಿಎಂ ಬಾಯಿತಪ್ಪಿ ಹೇಳಿರ್ತಾನೆ. ಈಗ ಆ ಅಂಗಡಿಯವನ ಬಾಯಲ್ಲೇ ಉತ್ತರ ಬರಬೇಕು, ಅದೂ ಎರಡು ಸೆಕೆಂಡಿನಲ್ಲಿ.

ಹಾಗಾದರೆ ಊರಿನ ನಲವತ್ತು ಜನರ ಜಾತಕ ಬರೆದಿಟ್ಟುಕೊಳ್ಳಬೇಕಾ? ಹೊಸದಾಗಿ ಡಿಎಂ ಆದವರು ಹಾಗೆ ಬರೆಯಲು ಕೂರುವುದುಂಟು. ಹುಟ್ಟಿದ ಊರು, ಅಪ್ಪನ ಹೆಸರು, ಕಣ್ಣಿನ ಬಣ್ಣ, ಮೂರು ಪುಟದ ಹಿನ್ನೆಲೆ. ಆಟಗಾರರು ಆ ಮನೆಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ನೇರ ಎದುರು ಮನೆಗೆ ಹೋಗಿ, ಅಲ್ಲಿ ಡಿಎಂ ಗಾಬರಿಯಲ್ಲಿ ಹುಟ್ಟಿಸಿದ ದನ ಕಾಯುವ ಹುಡುಗನನ್ನು ತಮ್ಮ ಜೊತೆಗೇ ಕರೆದುಕೊಂಡು ಹೊರಡುತ್ತಾರೆ. ಯಾವ ಪಾತ್ರ ಮುಖ್ಯ ಅನ್ನೋದನ್ನು ಅವರೇ ತೀರ್ಮಾನಿಸೋದು.

ಮೇಯರ್, ಬ್ಯಾಂಕಿನವನು ಮತ್ತು ಒಂದು ಗಲಾಟೆ

ಈ ಆಟದ ಬೇರು ಯುದ್ಧದ ಆಟಗಳಲ್ಲಿದೆ. ಮೇಜಿನ ಮೇಲೆ ಪುಟ್ಟ ಸೈನಿಕರ ಬೊಂಬೆಗಳನ್ನಿಟ್ಟು ಹಳೆಯ ಯುದ್ಧಗಳನ್ನು ಮತ್ತೆ ಹೋರಾಡುವ ಹವ್ಯಾಸಿಗಳು ಅಮೆರಿಕದ ಮಿನ್ನೆಸೋಟದಲ್ಲಿದ್ದರು. 1969ರಲ್ಲಿ ಅವರಲ್ಲೊಬ್ಬರಾದ ಡೇವಿಡ್ ವೆಸ್ಲಿ ಒಂದು ಪ್ರಯೋಗ ಮಾಡಿದರು. ನೆಪೋಲಿಯನ್ ಕಾಲದ ಬ್ರೌನ್‌ಸ್ಟೈನ್ ಅನ್ನುವ ಕಲ್ಪಿತ ಜರ್ಮನ್ ಪಟ್ಟಣ. ಸೇನೆಗಳ ಜೊತೆಗೆ ಕೆಲವರಿಗೆ ಊರಿನ ಮೇಯರ್, ಬ್ಯಾಂಕಿನವನು, ವಿಶ್ವವಿದ್ಯಾಲಯದ ಮುಖ್ಯಸ್ಥ ಅಂತ ಪಾತ್ರ ಕೊಟ್ಟು, ಪ್ರತಿಯೊಬ್ಬರಿಗೂ ಅವರದೇ ಒಂದು ಗುರಿ ಕೊಟ್ಟರು. ಯುದ್ಧ ಶುರುವಾಗುವ ಮೊದಲೇ ಎಲ್ಲರೂ ಮೂಲೆ ಮೂಲೆಗೆ ಹೋಗಿ ಗುಸುಗುಸು, ಒಪ್ಪಂದ, ಜಗಳ ಶುರು ಮಾಡಿದರು. ಆಟ ಕೈತಪ್ಪಿ ಕೆಟ್ಟುಹೋಯಿತು ಅಂತ ವೆಸ್ಲಿಗೆ ಅನಿಸಿದರೆ, ಆಡಿದವರು ಇನ್ನೊಮ್ಮೆ ಯಾವಾಗ ಅಂತ ಕೇಳಿದರು.

ಆ ಬಳಗದ ಡೇವ್ ಆರ್ನೆಸನ್ ಇದೇ ಜಾಡಿನಲ್ಲಿ ಬ್ಲ್ಯಾಕ್‌ಮೂರ್ ಅನ್ನುವ ಕಾಲ್ಪನಿಕ ನಾಡು ಕಟ್ಟಿದರು. ಆಮೇಲೆ ವಿಸ್ಕಾನ್ಸಿನ್‌ನ ಲೇಕ್ ಜಿನೀವಾದ ಗ್ಯಾರಿ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಸೇರಿ 1974ರಲ್ಲಿ ಡಂಜನ್ಸ್ ಅಂಡ್ ಡ್ರಾಗನ್ಸ್ ಪ್ರಕಟಿಸಿದರು. ಊರಿನ ಮೇಯರ್‌ಗೂ ಒಂದು ಸ್ವಂತ ಆಸೆ ಇದೆ ಅಂತ ಯಾರೋ ಒಬ್ಬರು ಯೋಚಿಸಿದ್ದು ಈ ಆಟ ಹುಟ್ಟುವ ದಾರಿಯಲ್ಲಿ ಒಂದು ದೊಡ್ಡ ತಿರುವು. ಎನ್‌ಪಿಸಿ ಅಂದರೆ ಲೆಕ್ಕಕ್ಕಿಲ್ಲದವನು ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಹಾಗಂತ ಶುರುವಿನಿಂದಲೂ ಎಲ್ಲ ಪಾತ್ರಗಳಿಗೂ ಈ ಮರ್ಯಾದೆ ಸಿಕ್ಕಿತು ಅಂತಲ್ಲ. ಗೈಗ್ಯಾಕ್ಸ್ 1979ರಲ್ಲಿ ಬರೆದ ‘ದ ಕೀಪ್ ಆನ್ ದ ಬಾರ್ಡರ್‌ಲ್ಯಾಂಡ್ಸ್’ ಅನ್ನುವ ಪ್ರಸಿದ್ಧ ಸಾಹಸದಲ್ಲಿ ಒಂದು ಕೋಟೆ ಬರುತ್ತದೆ. ಕೋಟೆಯ ಅಧಿಕಾರಿ, ಕಮ್ಮಾರ, ವ್ಯಾಪಾರಿ, ಪೂಜಾರಿ ಎಲ್ಲರೂ ಇದ್ದಾರೆ, ಹೆಸರು ಮಾತ್ರ ಇಲ್ಲ! ಹುದ್ದೆಯೇ ಗುರುತು. ಹೆಸರಿಡುವ ಕೆಲಸ ಆಡಿಸುವವನಿಗೆ ಬಿಟ್ಟದ್ದು. ನಮ್ಮ ಅಪಾರ್ಟ್‌ಮೆಂಟುಗಳ ಹಾಗೆ ಅನ್ನಿ. ವಾಚ್‌ಮನ್, ಪ್ಲಂಬರ್, ಡೆಲಿವರಿ.

ಮೊದಲ ಪ್ರಶ್ನೆ: ಇವನಿಗೆ ಏನು ಬೇಕು?

ಪಾತ್ರ ಮಾಡೋಕೆ ನೂರೆಂಟು ಸೂತ್ರ ಹೇಳುವವರಿದ್ದಾರೆ. ನಾನು ಒಂದರಿಂದ ಶುರು ಮಾಡ್ತೀನಿ: ಈ ಮನುಷ್ಯನಿಗೆ ಈಗ, ಈ ವಾರ, ಏನು ಬೇಕು?

ಒಳ್ಳೆಯ ಉದಾಹರಣೆ 2014ರಲ್ಲಿ ಆಟದ ಐದನೇ ಆವೃತ್ತಿಯ ಸ್ಟಾರ್ಟರ್ ಸೆಟ್ ಜೊತೆ ಬಂದ ‘ಲಾಸ್ಟ್ ಮೈನ್ ಆಫ್ ಫ್ಯಾಂಡೆಲ್ವರ್’. ಹೊಸಬರು ಮೊದಲು ಆಡುವ ಸಾಹಸಗಳಲ್ಲಿ ಇದೂ ಒಂದು. ಶುರುವಿನಲ್ಲೇ ಗಾಬ್ಲಿನ್‌ಗಳ ಗವಿ ಸಿಗುತ್ತದೆ. ಗಾಬ್ಲಿನ್ ಅಂದರೆ ಕುಳ್ಳಗಿನ, ಕುತಂತ್ರದ, ಕಥೆಗಳಲ್ಲಿ ಕತ್ತಿಗೆ ತುತ್ತಾಗೋದಕ್ಕೇ ಹುಟ್ಟಿದಂತಿರುವ ಜೀವಿ. ಅವರ ನಾಯಕ ಕ್ಲಾರ್ಗ್. ಅವನ ಕೈಕೆಳಗಿನ ಯೀಮಿಕ್ ಅನ್ನುವವನ ಹತ್ತಿರ ಒಬ್ಬ ಸೆರೆಯಾಳು ಇದ್ದಾನೆ. ಆಟಗಾರರು ಬಂದ ಕೂಡಲೇ ಯೀಮಿಕ್ ಕತ್ತಿ ಬೀಸಲ್ಲ, ಚೌಕಾಸಿ ಶುರು ಮಾಡ್ತಾನೆ: ಕ್ಲಾರ್ಗನನ್ನು ಮುಗಿಸಿ ಬನ್ನಿ, ಇವನನ್ನು ಬಿಡ್ತೀನಿ. ಅವನಿಗೆ ಬೇಕಿರೋದು ಬಾಸ್ ಕುರ್ಚಿ. ಯಾವ ಆಫೀಸಿನಲ್ಲಿ ಇಲ್ಲ ಹೇಳಿ ಇಂಥವನು? ಆ ಒಂದು ಆಸೆ ಗೊತ್ತಿದ್ದರೆ ಸಾಕು, ಆಟಗಾರರು ಏನೇ ಕೇಳಲಿ, ಯೀಮಿಕ್ ಏನು ಹೇಳ್ತಾನೆ ಅನ್ನೋದು ಡಿಎಂಗೆ ತಾನಾಗಿ ಹೊಳೆಯುತ್ತದೆ.

ಅದೇ ಕಥೆಯ ಫ್ಯಾಂಡಲಿನ್ ಅನ್ನುವ ಊರಿಗೆ ಬನ್ನಿ. ರೆಡ್‌ಬ್ರ್ಯಾಂಡ್ಸ್ ಅನ್ನುವ ಪುಂಡರ ಗುಂಪು ಊರನ್ನು ಹೆದರಿಸಿಟ್ಟಿದೆ. ಊರಿನ ಮುಖಂಡ ಹಾರ್ಬಿನ್ ವೆಸ್ಟರ್‌ಗೆ ದೊಡ್ಡಸ್ತಿಕೆ ಬೇಕು, ಪುಂಡರ ತಂಟೆ ಮಾತ್ರ ಬೇಡ. ಹಾಲಿಯಾ ಥಾರ್ನ್‌ಟನ್ ಅನ್ನುವ ಹೆಂಗಸಿಗೆ ಪುಂಡರು ತೊಲಗಬೇಕು ನಿಜ, ಆದರೆ ಆ ಜಾಗದಲ್ಲಿ ತನ್ನ ಹಿಡಿತ ಬರಬೇಕು ಅನ್ನೋ ಲೆಕ್ಕ ಒಳಗೊಳಗೇ ಇದೆ. ಸಿಲ್ಡಾರ್ ಹಾಲ್‌ವಿಂಟರ್ ಅನ್ನುವ ಸಜ್ಜನ, ಕಾಣೆಯಾದ ತನ್ನ ಜೊತೆಗಾರ ಇಯಾರ್ನೋನನ್ನು ಹುಡುಕುತ್ತಿದ್ದಾನೆ. ಕಥೆ ಮುಂದೆ ಹೋದ ಹಾಗೆ ಪುಂಡರ ಮುಖಂಡನೇ ಆ ಇಯಾರ್ನೋ ಅಂತ ಗೊತ್ತಾಗತ್ತೆ.

ನೋಡಿ, ಎಲ್ಲರೂ ಪುಂಡರ ಬಗ್ಗೆಯೇ ಮಾತಾಡ್ತಿದ್ದಾರೆ, ಆದರೆ ಒಬ್ಬೊಬ್ಬರ ಆಸೆ ಒಂದೊಂದು ಕಡೆಗೆ. ಆಟಗಾರರು ಯಾರ ಮಾತು ಕೇಳಬೇಕು, ಯಾರಿಗೆ ಎಷ್ಟು ಹೇಳಬೇಕು ಅಂತ ತಾವೇ ತಲೆ ಕೆಡಿಸಿಕೊಳ್ಳುತ್ತಾರೆ. ಒಬ್ಬೊಬ್ಬರನ್ನೂ ಬೇರೆ ಬೇರೆ ಬರೆಯುವುದಕ್ಕಿಂತ ಒಂದೇ ಸಮಸ್ಯೆಯ ಸುತ್ತ ನಾಲ್ಕು ಜನರನ್ನು ನಿಲ್ಲಿಸಿದರೆ ಡಿಎಂನ ಅರ್ಧ ಕೆಲಸ ಉಳಿಯುತ್ತದೆ.

ಹೆಸರು, ಒಂದು ಗುರುತು, ಮಾತಿನ ಧಾಟಿ

ಆಸೆಯ ನಂತರ ಹೆಸರು. ದಾರಿಯಲ್ಲಿ ಸಿಕ್ಕವನನ್ನೆಲ್ಲ ಆಟಗಾರರು ‘ನಿನ್ ಹೆಸರೇನು?’ ಅಂತ ಕೇಳೇ ಕೇಳ್ತಾರೆ. ಆಗ ಡಿಎಂ ‘ಅಂ… ಉಂ…’ ಅಂದರೆ ಅವನು ನಕಲಿ ಅಂತ ಗೊತ್ತಾಗಿಬಿಡತ್ತೆ. ಹಾಗಾಗಿ ಹದಿನೈದು ಇಪ್ಪತ್ತು ಹೆಸರುಗಳ ಪಟ್ಟಿ ಪಕ್ಕದಲ್ಲಿರಬೇಕು. ಬಳಸಿದ ಹೆಸರಿಗೆ ಗೆರೆ ಎಳೆದು ಪಕ್ಕದಲ್ಲಿ ಒಂದು ಪದ ಬರೆದುಕೊಳ್ಳಿ: ‘ದೋಣಿಯವಳು’, ‘ಕೆಮ್ಮು’. ಮೂರು ವಾರ ಬಿಟ್ಟು ಆಟಗಾರರು ಅದೇ ದೋಣಿಗೆ ಬಂದಾಗ ಅವಳು ಇವರ ಹೆಸರು ಹಿಡಿದು ಕರೆದರೆ ಅವರ ಮುಖ ನೋಡಬೇಕು!

ಮೂರನೆಯದು, ಒಂದೇ ಒಂದು ಗುರುತು. ಐದನೇ ಆವೃತ್ತಿಯ ಡಂಜನ್ ಮಾಸ್ಟರ್ಸ್ ಗೈಡ್‌ನಲ್ಲಿ ಇದಕ್ಕೆ ಪಟ್ಟಿಗಳೇ ಇವೆ. ರೂಪ, ಹಾವಭಾವ, ಮಾತಿನ ರೀತಿ, ಆದರ್ಶ, ನಂಟು, ದೌರ್ಬಲ್ಯ ಹೀಗೆ. ದಾಳ ಉರುಳಿಸಿ ಆರಿಸಿಕೊಳ್ಳಬಹುದು. ಆದರೆ ಎಲ್ಲವನ್ನೂ ಒಬ್ಬನ ಮೇಲೇ ಹೇರಬಾರದು. ಕುಂಟು ಕಾಲು, ತೊದಲು, ಒಂದು ಕಣ್ಣು, ಭುಜದ ಮೇಲೆ ಗಿಣಿ ಎಲ್ಲ ಸೇರಿದರೆ ಅವನು ಜಾತ್ರೆಯ ವೇಷ ಆಗ್ತಾನೆ. ನೆನಪಲ್ಲಿ ಉಳಿಯೋದು ಒಂದೇ ವಿಷಯ. ಅದು ಕೈಯಲ್ಲಿ ಮಾಡಿ ತೋರಿಸುವಂಥದ್ದಾದರೆ ಇನ್ನೂ ಚೆನ್ನ. ಮಾತಾಡುವಾಗ ಉಂಗುರ ತಿರುಗಿಸ್ತಾನೆ, ಉತ್ತರ ಕೊಡುವ ಮೊದಲು ಬಾಗಿಲ ಕಡೆ ನೋಡ್ತಾಳೆ.

ಇನ್ನು ಮಾತು. ದನಿ ಬದಲಾಯಿಸುವ ಕಲೆ ಎಲ್ಲರಿಗೂ ಇರಲ್ಲ. ಆದರೆ ಕನ್ನಡದಲ್ಲಿ ಆಡುವವರಿಗೆ ಇಂಗ್ಲಿಷ್‌ನವರಿಗಿಲ್ಲದ ಒಂದು ಅನುಕೂಲ ಇದೆ. ಪುಸ್ತಕ ಇಂಗ್ಲಿಷಿನಲ್ಲಿದ್ದರೂ ನಮ್ಮ ಬಳಗದಲ್ಲಿ ಮಾತುಕತೆ ಕನ್ನಡದಲ್ಲೇ ನಡೆಯತ್ತೆ. ಹಾರ್ಬಿನ್ ವೆಸ್ಟರ್ ತನ್ನನ್ನು ತಾನು ‘ನಾವು’ ಅಂತಾನೆ: ‘ನಾವು ಆಗ್ಲೇ ಹೇಳಿದ್ವಲ್ಲ, ವಿಚಾರ ಮಾಡ್ತೀವಿ ಅಂತ.’ ಇಷ್ಟರಲ್ಲೇ ಇಡೀ ಮನುಷ್ಯ ಎದ್ದು ಬಂದ. ಹಾಲಿಯಾ ಮೊದಲ ದಿನ ‘ನೀವು’ ಅಂತಾಳೆ, ಕೆಲಸ ಒಪ್ಪಿಕೊಂಡ ಮೇಲೆ ‘ನೀನು’ ಅಂತಾಳೆ. ಅದು ಸಲುಗೆಯೋ ಅಧಿಕಾರವೋ? ಆಟಗಾರರು ಚಹಾ ಕುಡಿಯುತ್ತಾ ಚರ್ಚೆ ಮಾಡ್ತಾರೆ. ‘ಬಾರಪ್ಪ’, ‘ಬನ್ನಿ ಸ್ವಾಮಿ’, ‘ಏನ್ ಬೇಕಿತ್ತು?’ ಈ ಮೂರೇ ಸ್ವಾಗತಗಳಲ್ಲಿ ಮೂವರು ಅಂಗಡಿಯವರು ಸಿಕ್ಕಿಬಿಡ್ತಾರೆ.

ಇಲ್ಲೊಂದು ಹಳ್ಳವೂ ಇದೆ. ನಮ್ಮಲ್ಲಿ ಸರದಿ ಪ್ರಕಾರ ಡಿಎಂ ಬದಲಾಗ್ತಾರೆ. ಒಬ್ಬ ಗೆಳೆಯ ಆಡಿಸಿದ ದಿನ ಕುಡುಕ, ಕಳ್ಳ, ಕುದುರೆ ಲಾಯದ ಆಳು ಎಲ್ಲರೂ ಧಾರವಾಡದ ಕಡೆಯ ಕನ್ನಡ ಮಾತಾಡಿದರು. ನಮ್ಮ ಸಿನಿಮಾಗಳಿಂದ ಬಂದ ಅಭ್ಯಾಸ. ಮೂರನೆಯವನು ಬಂದಾಗ ಹುಬ್ಬಳ್ಳಿಯ ಗೆಳೆಯ ದಾಳ ಕೆಳಗಿಟ್ಟ: ‘ಅಲ್ಲೋ ದೋಸ್ತ, ಕುಡುಕ ಬಂದ್ರ ನಮ್ಮ ಭಾಷಾ, ಕಳ್ಳ ಬಂದ್ರ ನಮ್ಮ ಭಾಷಾ. ನಮ್ಮ ಕಡೆ ಶಾಣ್ಯಾ ಮಂದಿ ಯಾರೂ ಇಲ್ಲೇನು?’ ಎಲ್ಲರೂ ನಕ್ಕರು, ಅವನು ನಗಲಿಲ್ಲ. ಮುಂದಿನ ವಾರ ಆ ಊರಿನ ಅತಿ ಬುದ್ಧಿವಂತ ಮಂತ್ರವಾದಿ ಅಪ್ಪಟ ಹುಬ್ಬಳ್ಳಿ ಭಾಷೆಯಲ್ಲಿ ಮಾತಾಡಿದ. ಆಗ ಅವನೇ ಎಲ್ಲರಿಗಿಂತ ಜೋರಾಗಿ ನಕ್ಕ.

ಎರಡು ದಾಳ, ಮೂವತ್ತಾರು ಸಾಧ್ಯತೆ

ಎದುರಿಗೆ ಬಂದವನು ಹಲ್ಲು ಕಡಿಯುತ್ತಾನೋ ಕೈ ಮುಗಿಯುತ್ತಾನೋ ಅಂತ ಡಿಎಂಗೇ ಗೊತ್ತಿಲ್ಲದಿದ್ದರೆ? ಹಳೆಯ ನಿಯಮಗಳಲ್ಲಿ ಇದಕ್ಕೊಂದು ಚಂದದ ಉಪಾಯ ಇತ್ತು. 1981ರ ಬೇಸಿಕ್ ಆವೃತ್ತಿ ಪ್ರಕಾರ ಎರಡು ಮಾಮೂಲಿ ದಾಳ ಉರುಳಿಸಿ ಕೂಡಿಸಬೇಕು. 2 ಬಂದರೆ ಕೂಡಲೇ ದಾಳಿ. 3ರಿಂದ 5 ಬಂದರೆ ಹಗೆತನ, ದಾಳಿ ಆಗಬಹುದು. 6ರಿಂದ 8 ಬಂದರೆ ಗೊಂದಲ. 9ರಿಂದ 11 ಬಂದರೆ ದಾಳಿ ಇಲ್ಲ. 12 ಬಂದರೆ ಕುಣಿದಾಡುವಷ್ಟು ಸ್ನೇಹ.

ಲೆಕ್ಕ ಹಾಕಿ ನೋಡಿ. ಎರಡು ದಾಳದಲ್ಲಿ ಒಟ್ಟು 36 ಸಾಧ್ಯತೆ. ನೇರ ದಾಳಿಗೆ ಅದರಲ್ಲಿ 1, ಹಗೆತನಕ್ಕೆ 9, ಗೊಂದಲಕ್ಕೆ 16, ದಾಳಿ ಇಲ್ಲ ಅನ್ನೋದಕ್ಕೆ 9, ಗಾಢ ಸ್ನೇಹಕ್ಕೆ 1. ಅಂದರೆ ಕಾಡಿನ ಕತ್ತಲಲ್ಲಿ ಎದುರಾದ ಅಪರಿಚಿತ ಕೂಡ 36ರಲ್ಲಿ 16 ಸಲ ‘ಯಾರಿವರು? ಏನು ಮಾಡಲಿ?’ ಅಂತ ನಿಮ್ಮಷ್ಟೇ ಗೊಂದಲದಲ್ಲಿರುತ್ತಾನೆ. ಮುಂದೇನಾಗತ್ತೆ ಅನ್ನೋದು ಇವರ ಮೊದಲ ಮಾತಿನ ಮೇಲೆ ನಿಂತಿದೆ. ರಾಕ್ಷಸರನ್ನು ಕಂಡ ಕೂಡಲೇ ಕತ್ತಿ ಎತ್ತುವ ಆಟ ಅಂತ ಹೊರಗಿನವರು ತಿಳಿದ ಆಟದ ಹಳೆಯ ನಿಯಮವೇ ಹೀಗೆ ಹೇಳತ್ತೆ. ಹೊಸ ಆವೃತ್ತಿಯ ಪುಸ್ತಕ ಆಡುವವರೂ ಈ ಪಟ್ಟಿಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಬಹುದು.

ಇನ್ನೊಂದು ಅಂಕಿ ಹೇಳ್ತೀನಿ. ಐದನೇ ಆವೃತ್ತಿಯಲ್ಲಿ ಸಾಮಾನ್ಯ ಹಳ್ಳಿಗನ ಪ್ರಾಣಬಲ ಬರೀ 4. ಒಳ್ಳೆಯ ತೋಳ್ಬಲದ ಯೋಧನ ಉದ್ದ ಕತ್ತಿಯ ಪೆಟ್ಟು ಎಂಟು ಮುಖದ ದಾಳ, ಅದರ ಮೇಲೆ 3. ದಾಳದಲ್ಲಿ ಎಲ್ಲಕ್ಕಿಂತ ಕಡಿಮೆ, ಅಂದರೆ 1 ಬಿದ್ದರೂ ಒಟ್ಟು 4. ಏಟು ತಾಗಿದರೆ ಆ ಹಳ್ಳಿಗ ಉಳಿಯೋ ಸಾಧ್ಯತೆಯೇ ಇಲ್ಲ. ಆಟದ ಮೊದಲ ದಿನದಿಂದಲೇ ನಾಯಕರ ಕೈಯಲ್ಲಿ ಊರಿನವರ ಜೀವ ಇರತ್ತೆ. ಅದನ್ನು ಏನು ಮಾಡ್ತಾರೆ?

ಡ್ರೂಪ್‌ನ ಭಾನುವಾರ

ಅದೇ ಫ್ಯಾಂಡಲಿನ್ ಊರಿನ ಪುಂಡರ ಅಡಗುತಾಣದಲ್ಲಿ ಡ್ರೂಪ್ ಅನ್ನುವ ಗಾಬ್ಲಿನ್ ಇದ್ದಾನೆ. ಬಗ್‌ಬೇರ್ ಅನ್ನುವ ದೈತ್ಯರು ಅವನನ್ನು ಆಳಾಗಿ ಇಟ್ಟುಕೊಂಡು ಗೋಳು ಹುಯ್ಯುತ್ತಿರುತ್ತಾರೆ. ಹೇಡಿ, ಬಡಪಾಯಿ. ಪುಸ್ತಕದಲ್ಲಿ ಅವನ ಬಗ್ಗೆ ಇರುವುದು ಸ್ವಲ್ಪವೇ. ನಮ್ಮ ಆಟಗಾರರು ಬಗ್‌ಬೇರ್‌ಗಳನ್ನು ಸೋಲಿಸಿದ ಮೇಲೆ ಇವನೊಬ್ಬ ಉಳಿದ. ಯೋಧನ ಪಾತ್ರ ವಹಿಸಿದ್ದ ಗೆಳೆಯ ಹೆಸರು ಕೇಳಿದ, ಇವನು ಹೇಳಿದ. ಆಮೇಲೆ ಶುರುವಾಯಿತು.

‘ಬಿಟ್ರೆ ಹೋಗಿ ಅವರ ಬಾಸ್‌ಗೆ ಹೇಳ್ತಾನೆ. ಮುಗಿಸಿಬಿಡೋಣ. ಗಾಬ್ಲಿನ್ ತಾನೇ?’

‘ಅವನಿಗೆ ಹೆಸರಿದೆ ಕಣೋ. ಡ್ರೂಪ್’ ಅಂದಳು ವೈದ್ಯೆಯ ಪಾತ್ರ ಮಾಡುತ್ತಿದ್ದ ಗೆಳತಿ.

‘ಹೆಸರಿದ್ರೆ ಬಿಟ್ಬಿಡಬೇಕಾ?’

‘ಕೇಳಿದ್ದು ನೀನೇ ಅಲ್ವಾ?’

ಆಟ ಒಂದು ಗಂಟೆ ನಿಂತಿತು. ಮೊದಲು ತಮಾಷೆ, ಆಮೇಲೆ ವಾದ, ಆಮೇಲೆ ನಿಜವಾದ ಸಿಟ್ಟು. ‘ಬರೀ ಆಟ, ಯಾಕಿಷ್ಟು ಸೀರಿಯಸ್ ಆಗ್ತೀಯ?’ ಅಂತ ಅವನು ಕೇಳಿದಾಗ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಹಿಂದಿನ ತಿಂಗಳಷ್ಟೇ ಅವಳ ಕಂಪನಿಯಲ್ಲಿ ಒಂದೇ ದಿನ ಹಲವರನ್ನು ಮನೆಗೆ ಕಳಿಸಿದ್ದರು. ಅವಳೂ ಅದರಲ್ಲಿದ್ದಳು. ನಮಗೆಲ್ಲ ಗೊತ್ತಿತ್ತು, ಯಾರೂ ಎತ್ತಿರಲಿಲ್ಲ. ‘ಹತ್ತು ನಿಮಿಷದ ಕಾಲ್. ಏಳು ವರ್ಷ ಕೆಲಸ ಮಾಡಿದ್ದೆ. ಅವರು ನನ್ನ ಹೆಸರನ್ನ ಶೀಟ್ ನೋಡಿ ಓದಿದ್ರು, ಅದೂ ತಪ್ಪಾಗಿ’ ಅಂದಳು.

ಯೋಧ ಏನೂ ಹೇಳಲಿಲ್ಲ. ಎದ್ದು ಹೋಗಿ ಚಹಾ ಬಿಸಿ ಮಾಡಿಕೊಂಡು ಬಂದ. ಕೂತವನೇ ನನ್ನ ಕಡೆ ತಿರುಗಿ, ‘ಡ್ರೂಪ್‌ನ ಕೇಳ್ತೀನಿ. ನಿಂಗೆ ಎಲ್ಲಿಗೆ ಹೋಗ್ಬೇಕು?’ ಅಂದ.

ಈ ಕ್ಷಣದಲ್ಲಿ ಡಿಎಂ ಭಾಷಣ ಮಾಡಬಾರದು. ಡ್ರೂಪ್ ಕಣ್ಣೀರು ಹಾಕಿ ಎಲ್ಲರ ಮನ ಕರಗಿಸಬಾರದು. ಅವನಿಗೆ ಬೇಕಿರೋದು ಒಂದೇ, ಇವತ್ತು ಜೀವ ಉಳಿಯಬೇಕು. ಹಾಗಾಗಿ ಡ್ರೂಪ್ ಹೇಳಿದ್ದು ಇಷ್ಟೇ: ‘ನೀವು ಹೋಗೋ ದಾರೀಲಿ ನೆಲ ನೋಡ್ಕೊಂಡು ಹೋಗಿ. ಗುಂಡಿ ಇದೆ. ಮುಚ್ಚಿಟ್ಟಿದಾರೆ. ನಾನು ಮುಂದೆ ನಡೀಲಾ?’

ಅವನು ಮುಂದೆ ನಡೆದ. ಆ ದಿನದಿಂದ ಮುಂದಿನ ಐದು ತಿಂಗಳು ಡ್ರೂಪ್ ನಮ್ಮ ಕಥೆಯಲ್ಲಿದ್ದ. ಸ್ಟೋನ್‌ಹಿಲ್ ಛತ್ರದ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಕೆಲಸ, ಸಂಬಳ ವಾರಕ್ಕೆ ಎರಡು ಬೆಳ್ಳಿ ನಾಣ್ಯ. ಸಂಬಳದ ಬಗ್ಗೆ ಛತ್ರದ ಯಜಮಾನನ ಹತ್ತಿರ ಜಗಳವಾಡಿ ಹೆಚ್ಚು ಮಾಡಿಸಿದ್ದು ಅದೇ ಯೋಧ. ಗೆಳತಿಗೆ ಬೇರೆ ಕಡೆ ಕೆಲಸ ಸಿಕ್ಕಿದ ಸುದ್ದಿಯನ್ನು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವಳು ತಿಳಿಸಿದ್ದು ಹೀಗೆ: ‘ಡ್ರೂಪ್‌ಗೆ ಹೇಳಿ, ನಂಗೂ ಸಿಕ್ತು.’

ಆಟ ಆಡಿದರೆ ಮನುಷ್ಯರು ಒಳ್ಳೆಯವರಾಗಿಬಿಡ್ತಾರೆ ಅಂತ ನಾನು ಹೇಳಲ್ಲ. ಅದೇ ಯೋಧ ಮುಂದಿನ ವಾರ ಇಬ್ಬರು ಪುಂಡರನ್ನು ಹೆಸರು ಕೇಳದೆ ಮುಗಿಸಿದ. ಆದರೆ ಹೆಸರು ಕೇಳಿದ ಮೇಲೆ ಕತ್ತಿ ಎತ್ತೋದು ಕಷ್ಟ ಆಗತ್ತೆ. ಇದನ್ನು ನಾನು ಬೇರೆ ಬೇರೆ ಆಟಗಾರರಲ್ಲಿ, ಮತ್ತೆ ಮತ್ತೆ ನೋಡಿದೀನಿ. ಎನ್‌ಪಿಸಿ ಅನ್ನುವ ಬೈಗುಳ ಅದಕ್ಕೇ ನನಗೆ ಹಿಡಿಸಲ್ಲ. ಈ ಆಟವನ್ನು ಚೆನ್ನಾಗಿ ಆಡಿದವನಿಗೆ ಎದುರು ನಿಂತವನಿಗೂ ಏನೋ ಬೇಕಿದೆ ಅನ್ನೋದು ಮೊದಲು ಹೊಳೆಯಬೇಕು. ಬೈಗುಳ ಅದನ್ನೇ ಮರೆಸತ್ತೆ.

ಆಡಿಸುವವರಿಗೆ ಕೆಲವು ಎಚ್ಚರ

ಮೊದಲನೆಯದು, ನಿಮ್ಮ ಮುದ್ದಿನ ಎನ್‌ಪಿಸಿ ನಾಯಕ ಆಗಬಾರದು. ಆಟಗಾರರು ಸಿಕ್ಕಿಬಿದ್ದಾಗಲೆಲ್ಲ ಸರ್ವಶಕ್ತ ಮಾಂತ್ರಿಕ ಬಂದು ಬಿಡಿಸಿದರೆ ಅವರು ಪ್ರೇಕ್ಷಕರಾಗ್ತಾರೆ. ಆಕಳಿಸುವುದಕ್ಕೆ ಶುರು ಮಾಡ್ತಾರೆ. ಅವನು ಸಲಹೆ ಕೊಡಲಿ, ಸಾಲ ಕೊಡಲಿ, ಗೆಲುವನ್ನು ಮಾತ್ರ ಅವರಿಗೇ ಬಿಡಲಿ.

ಎರಡನೆಯದು, ಮುಖ್ಯವಾದ ಸುಳಿವನ್ನು ಒಬ್ಬನ ಬಾಯಲ್ಲೇ ಇಡಬಾರದು. ಆಟಗಾರರು ಅವನನ್ನು ಭೇಟಿಯಾಗದೆ ಇರಬಹುದು, ಕೊಂದೇ ಬಿಡಬಹುದು. ಸರ್ವರ್ ಒಂದೇ ಇದ್ದರೆ ಏನಾಗತ್ತೆ ಅಂತ ನಮ್ಮ ವೃತ್ತಿಯವರಿಗೆ ಹೇಳಬೇಕಿಲ್ಲ. ಒಂದೇ ಸತ್ಯಕ್ಕೆ ಮೂರು ದಾರಿ ಇರಲಿ: ಒಬ್ಬನ ಮಾತು, ಒಂದು ಪತ್ರ, ಒಂದು ಹೆಜ್ಜೆ ಗುರುತು.

ಮೂರನೆಯದು, ಮುಗಿಬಿದ್ದು ಸುಳ್ಳು ಹೇಳುವ ಪಾತ್ರಗಳು ಮಿತಿಯಲ್ಲಿರಲಿ. ನಂಬಿದ ಪ್ರತಿಯೊಬ್ಬನೂ ಮೋಸ ಮಾಡಿದರೆ ಐದನೇ ಆಟದಿಂದ ಅವರು ಯಾರನ್ನೂ ನಂಬಲ್ಲ. ಊರಿಗೆ ಬಂದರೂ ಯಾರ ಜೊತೆಗೂ ಮಾತಾಡಲ್ಲ. ಒಬ್ಬ ಹಾಲಿಯಾಗೆ ಮೂವರು ಸಿಲ್ಡಾರ್‌ಗಳಿರಲಿ.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯ. ಮೊದಲ ಆಟಕ್ಕೂ ಮುಂಚೆ ಒಂದು ದಿನ ಎಲ್ಲರೂ ಕೂತು ಯಾವ ವಿಷಯ ಬೇಡ ಅಂತ ಮಾತಾಡಿಕೊಳ್ಳಿ. ಇತ್ತೀಚೆಗೆ ಮನೆಯಲ್ಲಿ ಸಾವಾಗಿರುವವರ ಮುಂದೆ ಕಾಯಿಲೆಯ ತಾಯಿಯ ಪಾತ್ರ ತರುವುದು ಸರಿಯಾ? ಕೆಲವರಿಗೆ ಅದೇ ಬೇಕಿರಬಹುದು, ಕೆಲವರಿಗೆ ಆಗದಿರಬಹುದು. ಕೇಳದೆ ಗೊತ್ತಾಗಲ್ಲ. ಈಗಿನ ಬಹಳಷ್ಟು ಬಳಗಗಳಲ್ಲಿ ಮೇಜಿನ ನಡುವೆ ಗುಣಾಕಾರದ ಗುರುತಿರುವ ಒಂದು ಕಾರ್ಡ್ ಇಡ್ತಾರೆ. ಯಾರಿಗಾದರೂ ಕಸಿವಿಸಿ ಆದರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಕೇಳದೆ ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಮಕ್ಕಳ ಜೊತೆ ಆಡುವ ಅಪ್ಪ ಅಮ್ಮಂದಿರಿಗೆ ಇದು ಬಹಳ ಉಪಯೋಗ.

ಐದು ನಿಮಿಷದಲ್ಲಿ ಒಬ್ಬ ಮನುಷ್ಯ

ಈ ಭಾನುವಾರ ಮನೆಯಲ್ಲೇ ಪ್ರಯತ್ನ ಮಾಡೋಣ ಅನ್ನುವವರಿಗೆ ಒಂದು ಚೀಟಿ. ಪ್ರತಿ ಪಾತ್ರಕ್ಕೂ ಐದು ಸಾಲು ಸಾಕು:

1. ಹೆಸರು ಮತ್ತು ಕೆಲಸ. (ಉದಾಹರಣೆಗೆ: ಮರೀನಾ, ದೋಣಿ ನಡೆಸುವವಳು.)
2. ಈ ವಾರ ಏನು ಬೇಕು? (ದೋಣಿಯ ತೂತು ಮುಚ್ಚಿಸಲು ಹಣ.)
3. ಯಾರಿಗೆ, ಯಾವುದಕ್ಕೆ ಹೆದರುತ್ತಾಳೆ? (ಸಾಲ ಕೊಟ್ಟ ತಮ್ಮನಿಗೆ.)
4. ನೋಡಿದ ಕೂಡಲೇ ಕಾಣುವ ಒಂದು ಗುರುತು. (ಮಾತಾಡುವಾಗ ಹಗ್ಗಕ್ಕೆ ಗಂಟು ಹಾಕುತ್ತಾ ಬಿಚ್ಚುತ್ತಾ ಇರುತ್ತಾಳೆ.)
5. ಆಟಗಾರರಿಗೆ ಉಪಯೋಗವಾಗುವ ಒಂದು ವಿಷಯ ಗೊತ್ತಿದೆ. (ನಿನ್ನೆ ರಾತ್ರಿ ದೀಪವಿಲ್ಲದೆ ಹೊಳೆ ದಾಟಿದವರು ಮೂವರು.)

ಎರಡನೇ ಮತ್ತು ಐದನೇ ಸಾಲು ಒಂದಕ್ಕೊಂದು ತಗುಲಿಕೊಂಡರೆ ದೃಶ್ಯ ತಾನಾಗಿ ಹುಟ್ಟುತ್ತದೆ. ಮರೀನಾಗೆ ಹಣ ಬೇಕು, ಅವಳ ಹತ್ತಿರ ಮಾರುವುದಕ್ಕೆ ಸುದ್ದಿ ಇದೆ. ಆದರೆ ಆ ಮೂವರಲ್ಲಿ ಒಬ್ಬ ಅವಳ ತಮ್ಮನಾಗಿದ್ದರೆ? ಬಾಯಿ ಬಿಡ್ತಾಳಾ?

ಆಟದ ಮೂಲ ನಿಯಮಗಳು ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಇಪ್ಪತ್ತು ಮುಖದ ದಾಳ ಇಲ್ಲದಿದ್ದರೆ ಮೊಬೈಲಿನಲ್ಲೂ ಉರುಳಿಸಬಹುದು. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೊಂದು ಪಾತ್ರ ಕೊಡಿ. ನನ್ನ ಅನುಭವದಲ್ಲಿ ಚೌಕಾಸಿ ಮಾಡುವ ಅಂಗಡಿಯವರ ಪಾತ್ರದಲ್ಲಿ ಅವರನ್ನು ಮೀರಿಸುವವರು ಯಾರೂ ಇಲ್ಲ. ನನ್ನ ಸೋದರತ್ತೆ ಒಮ್ಮೆ ಬೇಸಿಗೆ ರಜೆಯಲ್ಲಿ ಹತ್ತು ನಿಮಿಷ ಔಷಧಿ ಮಾರುವವಳಾಗಿ ಕೂತು, ನಾಲ್ಕು ಮಕ್ಕಳ ಹತ್ತಿರ ಇದ್ದಬದ್ದ ಚಿನ್ನವನ್ನೆಲ್ಲ ಕಿತ್ತುಕೊಂಡು, ಕೊನೆಗೆ ‘ಹೋಗಲಿ ಪಾಪ’ ಅಂತ ಒಂದು ಶೀಶೆ ಹೆಚ್ಚಿಗೆ ಕೊಟ್ಟು ಕಳಿಸಿದರು. ಮಕ್ಕಳು ಇವತ್ತಿಗೂ ಆ ಅಂಗಡಿಗೆ ಮತ್ತೆ ಯಾವಾಗ ಹೋಗೋದು ಅಂತ ಕೇಳ್ತಾರೆ.

ನಿಮ್ಮ ಮನೆಯ ಊರಿನಲ್ಲಿ ಯಾರ್ಯಾರಿದ್ದಾರೆ? ಐದು ಸಾಲಿನಲ್ಲಿ ಬರೆದು ಕಳಿಸಿ.